ಡಿಸೆಂಬರ್‌ನಲ್ಲಿ ಗೆದ್ದರೆ ಒಳ್ಳೆಯದಾ, ಸೋತರೆ ಒಳ್ಳೆಯದಾ? ಬಫಲೋ ಬಿಲ್ಸ್ ಜೊತೆ ಕ್ವಾರ್ಟರ್‌ಬ್ಯಾಕ್ ಪಾಠ

ಇಲ್ಲಿ ಫುಟ್‌ಬಾಲ್ ಅಂದರೆ ಮೆಸ್ಸಿ ಆಡುವ ಆಟ ಅಲ್ಲ. ಅಮೆರಿಕದವರು ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಆಟ. ನಾನು ಇದನ್ನು ನೋಡಲು ಶುರು ಮಾಡಿದಾಗ ಕಂಡದ್ದು ಇಷ್ಟೇ: ದಪ್ಪ ದಪ್ಪ ಜನ ಡಿಕ್ಕಿ ಹೊಡೆಯುತ್ತಾರೆ, ಬೀಳುತ್ತಾರೆ, ಏಳುತ್ತಾರೆ, ಆಮೇಲೆ ಜಾಹೀರಾತು. ಎರಡು ಸಲ ಅರ್ಧಕ್ಕೇ ಆರಿಸಿ ಮಲಗಿದ್ದೇನೆ. ನಿಯಮ ಓದಿದ್ದರಿಂದ ಆಟದ ರುಚಿ ಹತ್ತಲಿಲ್ಲ. ಒಂದು ತಂಡವನ್ನು ಹಿಡಿದುಕೊಂಡು ಅದರ ಹಿಂದೆ ಹೋದಾಗ ಹತ್ತಿತು. ನಿಮಗೂ ಅದೇ ದಾರಿ ತೋರಿಸುತ್ತೇನೆ.

ಬೇಕಾದಷ್ಟು ನಿಯಮ ಮಾತ್ರ ಹೇಳಿಬಿಡುತ್ತೇನೆ. ಚೆಂಡು ಇರುವ ತಂಡ ನಾಲ್ಕು ಪ್ರಯತ್ನದಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ. ಇಲ್ಲವಾದರೆ ಚೆಂಡು ಎದುರಾಳಿಗೆ. ಒಂದೊಂದು ಪ್ರಯತ್ನಕ್ಕೂ ಡೌನ್ ಅನ್ನುತ್ತಾರೆ. ನಾಲ್ಕನೇ ಡೌನ್, ಹಿಂದಕ್ಕೆ ಸರಿದದ್ದೂ ಸೇರಿ ಇನ್ನೂ 12 ಗಜ ಬಾಕಿ ಅಂದರೆ ‘ಫೋರ್ತ್ ಅಂಡ್ ಟ್ವೆಲ್ವ್’. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, 3 ಅಂಕ. ಹೆಚ್ಚುಕಡಿಮೆ ಪ್ರತಿ ಡೌನ್‌ನಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೆಯಬೇಕಾ, ಯಾರಿಗೆ, ಇಲ್ಲ ತಾನೇ ಓಡಬೇಕಾ ಅಂತ ಅವನು ತೀರ್ಮಾನ ಮಾಡಬೇಕು. ಅದಕ್ಕೆ ಸಿಗುವ ಸಮಯ ಸುಮಾರು ಎರಡೂವರೆ, ಮೂರು ಸೆಕೆಂಡ್.

ಇನ್ನು ಕಥೆಗೆ ಬರೋಣ.

2017, ಡಿಸೆಂಬರ್ 31

ಬಫಲೋ ಅಂದರೆ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ತುದಿ, ಕೆನಡಾದ ಪಕ್ಕ. ಹಿಮಕ್ಕೆ ಹೆಸರಾದ ಊರು. ಬಿಲ್ಸ್ ಆ ಊರಿನ ತಂಡ. ಮ್ಯಾಚಿಗೆ ಮುಂಚೆ ಸ್ಟೇಡಿಯಂನಲ್ಲಿ ಬಿದ್ದ ಹಿಮ ತೆಗೆಯಲು ತಂಡದವರು ಗಂಟೆಗೆ ಇಷ್ಟು ಡಾಲರ್ ಅಂತ ಕೊಟ್ಟು ಅಭಿಮಾನಿಗಳನ್ನೇ ಕರೆಯುತ್ತಾರೆ. ಸಲಿಕೆ ಹಿಡಿದು ಬರುವವರಿಗೆ ಕೊರತೆ ಇಲ್ಲ.

ಆ ದಿನದ ಹೊತ್ತಿಗೆ ಬಿಲ್ಸ್ ಪ್ಲೇಆಫ್ ಮುಖ ನೋಡದೆ 17 ಸೀಸನ್ ಆಗಿತ್ತು. ಅಮೆರಿಕದ ನಾಲ್ಕು ದೊಡ್ಡ ಲೀಗ್‌ಗಳಲ್ಲೂ (ಈ ಫುಟ್‌ಬಾಲ್, ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಐಸ್ ಹಾಕಿ) ಇಷ್ಟು ವರ್ಷ ಕಾದ ತಂಡ ಆಗ ಇನ್ನೊಂದಿರಲಿಲ್ಲ. ಸೀಸನ್ನಿನ ಕೊನೆಯ ಪಂದ್ಯ ಮಯಾಮಿಯಲ್ಲಿ. ಕೈಲ್ ವಿಲಿಯಮ್ಸ್ ಅಂತ ಒಬ್ಬ ಡಿಫೆನ್ಸ್ ಆಟಗಾರ 2006ರಿಂದ ಅದೇ ತಂಡದಲ್ಲಿದ್ದವನು, ಒಂದು ಪ್ಲೇಆಫ್ ಪಂದ್ಯವನ್ನೂ ಆಡಿರಲಿಲ್ಲ. ಅವನ ಕೆಲಸ ಎದುರಾಳಿಯನ್ನು ತಡೆಯುವುದು. ಅವತ್ತು ಕೋಚ್ ಅವನ ಕೈಗೇ ಚೆಂಡು ಕೊಟ್ಟು ಒಂದು ಗಜ ಓಡಿಸಿದರು. ಟಚ್‌ಡೌನ್! ಬಿಲ್ಸ್ 22-16ರಿಂದ ಗೆದ್ದರು.

ಆದರೆ ಅಷ್ಟು ಸಾಲದು. ಅದೇ ಹೊತ್ತಿಗೆ ಬಾಲ್ಟಿಮೋರ್‌ನಲ್ಲಿ ರೇವನ್ಸ್ ತಂಡ ಸಿನ್ಸಿನಾಟಿ ಬೆಂಗಾಲ್ಸ್ ಕೈಲಿ ಸೋಲಬೇಕಿತ್ತು. ಬೆಂಗಾಲ್ಸ್‌ಗೆ ಆ ಪಂದ್ಯದಿಂದ ಆಗಬೇಕಾದ್ದು ಏನೂ ಇರಲಿಲ್ಲ, ಅವರು ಆಗಲೇ ಹೊರಗೆ. ಬಿಲ್ಸ್ ಆಟಗಾರರು ಮಯಾಮಿಯ ಡ್ರೆಸಿಂಗ್ ರೂಮಿನಲ್ಲಿ ಟೀವಿ ಮುಂದೆ ಗುಂಪುಗಟ್ಟಿ ನಿಂತರು. ರೇವನ್ಸ್ 27-24 ಮುಂದೆ. ಒಂದು ನಿಮಿಷವೂ ಉಳಿದಿಲ್ಲ. ಬೆಂಗಾಲ್ಸ್‌ಗೆ ಫೋರ್ತ್ ಅಂಡ್ ಟ್ವೆಲ್ವ್. ಕ್ವಾರ್ಟರ್‌ಬ್ಯಾಕ್ ಆಂಡಿ ಡಾಲ್ಟನ್ ನಡುವಿಗೆ ಎಸೆದ, ಟೈಲರ್ ಬಾಯ್ಡ್ ಹಿಡಿದ, ತಿರುಗಿದ, ಓಡಿದ. 49 ಗಜ, ಟಚ್‌ಡೌನ್. 44 ಸೆಕೆಂಡ್ ಬಾಕಿ. ಬೆಂಗಾಲ್ಸ್ 31-27.

ನಮ್ಮಲ್ಲಿ ಆಗ ಹೊಸ ವರ್ಷದ ಬೆಳಗು ಹರಿಯುವ ಹೊತ್ತು. ಆ ವಿಡಿಯೋ ನಾನು ಆಮೇಲೆ ನೋಡಿದ್ದು. ನೂರು ಕಿಲೋ ಮೀರಿದ ಗಂಡಸರು ಮಕ್ಕಳ ಹಾಗೆ ಕೂಗಿ ಕುಣಿಯುವುದು ಅದರಲ್ಲಿದೆ.

ಆರ್‌ಸಿಬಿ ನೋಡಿ ಬೆಳೆದವರಿಗೆ ಈ ಲೆಕ್ಕಾಚಾರ ಹೊಸದೇನಲ್ಲ, ಅಲ್ವಾ? 2024ರಲ್ಲಿ ಮೊದಲ ಎಂಟರಲ್ಲಿ ಏಳು ಸೋತು, ಆಮೇಲೆ ಸಾಲಾಗಿ ಗೆದ್ದು, ಚಿನ್ನಸ್ವಾಮಿಯಲ್ಲಿ ಚೆನ್ನೈ ಮೇಲೆ 18 ರನ್‌ಗಳಿಂದ ಗೆಲ್ಲಲೇಬೇಕು ಅಂತ ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದೆವು. ಆದರೆ ಅವತ್ತು ನಮ್ಮ ಗತಿ ನಮ್ಮವರ ಕೈಯಲ್ಲೇ ಇತ್ತು. ಬಿಲ್ಸ್ ಅಭಿಮಾನಿಗಳದ್ದು ಪರರ ಕೈಯಲ್ಲಿ.

ಅದಕ್ಕೇ ಅವರು ಋಣ ತೀರಿಸಿದರು. ಡಾಲ್ಟನ್ ನಡೆಸುವ ಮಕ್ಕಳ ಸೇವಾ ಸಂಸ್ಥೆಗೆ ದುಡ್ಡು ಹರಿದು ಬಂತು. ಹೆಚ್ಚಿನವರು ಕಳಿಸಿದ್ದು 17 ಡಾಲರ್, ಕಾದ ವರ್ಷಕ್ಕೆ ಒಂದೊಂದು ಡಾಲರ್. ಎಲ್ಲ ಸೇರಿ 3 ಲಕ್ಷ ಡಾಲರ್ ದಾಟಿತು.

ಗೆದ್ದದ್ದಕ್ಕೆ ಕೊಟ್ಟ ಬೆಲೆ

ಹೊಸಬರು ಎಡವುವುದು ಇಲ್ಲೇ. ಕಾಲೇಜು ಮುಗಿಸಿ ಬರುವ ಆಟಗಾರರನ್ನು ತಂಡಗಳು ಡ್ರಾಫ್ಟ್‌ನಲ್ಲಿ ಆರಿಸಿಕೊಳ್ಳುತ್ತವೆ. ಐಪಿಎಲ್ ಹರಾಜಿನ ಹಾಗೆ ದುಡ್ಡಿನ ಪೈಪೋಟಿ ಅಲ್ಲ, ಸರದಿ. ಅತಿ ಹೆಚ್ಚು ಸೋತವರಿಗೆ ಮೊದಲ ಸರದಿ. ಆ ವರ್ಷ 16ಕ್ಕೆ 16 ಸೋತ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ಗೆ ಒಂದನೇ ಸರದಿ. ಪ್ಲೇಆಫ್‌ಗೆ ಹೋಗದ 20 ತಂಡಗಳದ್ದು ಮುಗಿದ ಮೇಲೆ ಹೋದವರದ್ದು. ಬಿಲ್ಸ್‌ಗೆ ಸಿಕ್ಕಿದ್ದು 21.

ಒಳ್ಳೆಯ ಕ್ವಾರ್ಟರ್‌ಬ್ಯಾಕ್‌ಗಳು ಸಾಮಾನ್ಯವಾಗಿ ಮೊದಲ ಹತ್ತರೊಳಗೇ ಖಾಲಿ. ಹಾಗಾಗಿ ಡಿಸೆಂಬರ್ ಬಂತೆಂದರೆ ಸೋಲುತ್ತಿರುವ ತಂಡದ ಅಭಿಮಾನಿಗೆ ಇಬ್ಬಗೆ. ಇವತ್ತು ಗೆದ್ದರೆ ಖುಷಿ, ಆದರೆ ಮುಂದಿನ ಹತ್ತು ವರ್ಷ ಆಡಬೇಕಾದ ಹುಡುಗ ಕೈ ತಪ್ಪಬಹುದು. ‘ಸುಮ್ನೆ ಸೋತುಬಿಡಿ’ ಅನ್ನುವವರೂ ಇದ್ದಾರೆ. ಬೇಕಂತಲೇ ಸೋಲುವುದಕ್ಕೆ ಟ್ಯಾಂಕಿಂಗ್ ಅನ್ನುತ್ತಾರೆ. ನನಗೆ ಈ ವಾದ ಹಿಡಿಸುವುದಿಲ್ಲ. ಕೈಲ್ ವಿಲಿಯಮ್ಸ್‌ಗೆ ಹೋಗಿ ಸೋಲು ಅನ್ನಲು ಯಾರಿಗೆ ಬಾಯಿ ಬರುತ್ತದೆ?

ಆದರೆ ಬೆಲೆ ಮಾತ್ರ ನಿಜ. ಬಿಲ್ಸ್ ಅದನ್ನು ಎರಡು ಕಂತಿನಲ್ಲಿ ಕಟ್ಟಿದರು. ಮೊದಲು ತಮ್ಮ ಲೆಫ್ಟ್ ಟ್ಯಾಕಲ್ (ಕ್ವಾರ್ಟರ್‌ಬ್ಯಾಕ್‌ಗೆ ಎಡಗಡೆ ಕಾವಲು ನಿಲ್ಲುವವನು) ಕಾರ್ಡಿ ಗ್ಲೆನ್‌ನನ್ನೂ 21ನೇ ಸರದಿಯನ್ನೂ ಕೊಟ್ಟು 12ಕ್ಕೆ ಏರಿದರು. ಕೊಟ್ಟದ್ದು ಯಾರಿಗೆ? ಅದೇ ಬೆಂಗಾಲ್ಸ್‌ಗೆ! ಆಮೇಲೆ ಎರಡನೇ ಸುತ್ತಿನ ಎರಡು ಸರದಿ ಬಿಟ್ಟುಕೊಟ್ಟು 7ಕ್ಕೆ ಹೋದರು. ಆರಿಸಿದ್ದು ಜಾಶ್ ಆಲನ್ ಅನ್ನುವ ಕ್ವಾರ್ಟರ್‌ಬ್ಯಾಕ್‌ನನ್ನು.

ಇದಕ್ಕೆ ಒಂದು ವರ್ಷ ಹಿಂದಿನ ಸಂಗತಿ ಇನ್ನೂ ಉರಿಸುವಂಥದ್ದು. 2017ರಲ್ಲಿ ಬಿಲ್ಸ್ ಕೈಯಲ್ಲಿ 10ನೇ ಸರದಿ ಇತ್ತು. ಅದನ್ನು ಬೇರೆ ಸರದಿಗಳ ಬದಲಿಗೆ ಕ್ಯಾನ್ಸಸ್ ಸಿಟಿ ತಂಡಕ್ಕೆ ಮಾರಿಕೊಂಡರು. ಅವರು ಆ ಸರದಿಯಲ್ಲಿ ತೆಗೆದುಕೊಂಡದ್ದು ಪ್ಯಾಟ್ರಿಕ್ ಮಹೋಮ್ಸ್ ಅನ್ನುವ ಕ್ವಾರ್ಟರ್‌ಬ್ಯಾಕ್‌ನನ್ನು. ಈ ಹೆಸರು ನೆನಪಿಟ್ಟುಕೊಳ್ಳಿ.

ಕಾಲೇ ಗಡಿಯಾರ

ಆಲನ್ ಕ್ಯಾಲಿಫೋರ್ನಿಯಾದ ಫೈರ್‌ಬಾ ಅನ್ನುವ ಸಣ್ಣ ಊರಿನ ರೈತರ ಮನೆಯ ಹುಡುಗ. ಹೈಸ್ಕೂಲ್ ಮುಗಿದಾಗ ದೊಡ್ಡ ಕಾಲೇಜು ಒಂದೂ ಕರೆಯಲಿಲ್ಲ. ರೀಡ್ಲಿ ಅನ್ನುವ ಎರಡು ವರ್ಷದ ಕಾಲೇಜಿಗೆ ಸೇರಿ, ಅಲ್ಲಿಂದ ದೇಶದ ಕೋಚ್‌ಗಳಿಗೆಲ್ಲ ಇಮೇಲ್ ಹಾಕಿ, ಕೊನೆಗೆ ವಯೋಮಿಂಗ್ ವಿಶ್ವವಿದ್ಯಾಲಯ ಸೇರಿದ. ತೋಳಿನಲ್ಲಿ ಅಪಾರ ಶಕ್ತಿ. ಗುರಿ ಮಾತ್ರ ಅಷ್ಟಕ್ಕಷ್ಟೆ. ಎಸೆದ ನೂರರಲ್ಲಿ ಎಷ್ಟನ್ನು ನಮ್ಮವರು ಹಿಡಿದರು ಅನ್ನುವ ಲೆಕ್ಕಕ್ಕೆ ಕಂಪ್ಲೀಷನ್ ಪ್ರಮಾಣ ಅನ್ನುತ್ತಾರೆ. ಕಾಲೇಜಿನಲ್ಲಿ ಅವನದು ಸುಮಾರು 56. ಕಾಲೇಜಿನಲ್ಲೇ ಗುರಿ ಇಲ್ಲದವನಿಗೆ ಆಮೇಲೆ ಬರುವುದಿಲ್ಲ ಅಂತ ಪಂಡಿತರು ಷರಾ ಬರೆದರು.

ಮೊದಲ ವರ್ಷ ಅವರ ಮಾತೇ ನಿಜ ಅನ್ನಿಸಿತು: 52.8. ಟಚ್‌ಡೌನ್ ಪಾಸ್ 10, ಎದುರಾಳಿ ಕಸಿದ ಪಾಸ್ 12. ಎರಡನೇ ವರ್ಷ 58.8. ಮೂರನೇ ವರ್ಷ, 2020ರಲ್ಲಿ, 69.2. ಟಚ್‌ಡೌನ್ ಪಾಸ್ 37.

ತೋಳು ಅದೇ. ಹಾಗಾದರೆ ಬದಲಾದದ್ದು ಏನು?

ಮುಖ್ಯವಾಗಿ ಕಾಲು. ಚೆಂಡು ಕೈಗೆ ಬಂದ ಕೂಡಲೇ ಕ್ವಾರ್ಟರ್‌ಬ್ಯಾಕ್ ಮೂರು, ಐದು ಅಥವಾ ಏಳು ಹೆಜ್ಜೆ ಹಿಂದೆ ಹಾಕುತ್ತಾನೆ. ಇದು ಸುಮ್ನೆ ತಪ್ಪಿಸಿಕೊಳ್ಳಲು ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಮುಂದೆ ಓಡುತ್ತಿರುವ ರಿಸೀವರ್‌ಗಳ, ಅಂದರೆ ಪಾಸ್ ಹಿಡಿಯುವವರ, ತಿರುವುಗಳನ್ನು ಆ ಹೆಜ್ಜೆಗಳಿಗೆ ಹೊಂದಿಸಿರುತ್ತಾರೆ. ಐದನೇ ಹೆಜ್ಜೆಯಲ್ಲಿ ಹಿಂಗಾಲು ಊರಿದಾಗ ಮೊದಲನೆಯವನು ತಿರುಗಿರಬೇಕು. ಅವನನ್ನು ಯಾರೋ ಮುಚ್ಚಿದ್ದಾರಾ? ಒಂದು ಚಿಕ್ಕ ಜಿಗಿತ, ಕಣ್ಣು ಎರಡನೆಯವನ ಕಡೆಗೆ. ಅವನೂ ಇಲ್ಲವಾ? ಇನ್ನೊಂದು ಜಿಗಿತ, ಮೂರನೆಯವನು. ಕಾಲು ಎಲ್ಲಿದೆಯೋ ಕಣ್ಣು ಅಲ್ಲಿರಬೇಕು. ಎಳಸು ಕ್ವಾರ್ಟರ್‌ಬ್ಯಾಕ್ ಮೊದಲನೆಯವನು ಸಿಗದಿದ್ದರೆ ಗಾಬರಿಯಾಗಿ ತನ್ನ ಮೇಲೆ ನುಗ್ಗುವವರನ್ನು ನೋಡುತ್ತಾನೆ, ಓಟ ಕೀಳುತ್ತಾನೆ. 2018ರಲ್ಲಿ ಬಿಲ್ಸ್ ತಂಡದಲ್ಲಿ ಎಲ್ಲರಿಗಿಂತ ಜಾಸ್ತಿ ಗಜ ಓಡಿದವನು ಆಲನ್ನೇ, 631. ಅದು ಹೊಗಳಿಕೆಯೂ ಹೌದು, ದೂರೂ ಹೌದು.

ಇನ್ನೊಂದು ಸೊಂಟ. ಬೌಂಡರಿಯಲ್ಲಿ ನಿಂತ ಫೀಲ್ಡರ್ ವಿಕೆಟ್ ಕೀಪರ್‌ಗೆ ಎಸೆಯುವುದನ್ನು ನೆನಪಿಸಿಕೊಳ್ಳಿ. ಕಾಲು ಊರಿ, ಸೊಂಟ ತಿರುಗಿಸಿ ಎಸೆದರೆ ಚೆಂಡು ನೇರ. ನಿಂತಲ್ಲಿಂದ ಬರೀ ತೋಳಿನಲ್ಲಿ ಎಸೆದರೆ ಎಲ್ಲೋ. ತೋಳಿನಲ್ಲಿ ಅಷ್ಟು ಬಲ ಇದ್ದವನಿಗೆ ಕಾಲು ಬೇಕು ಅಂತ ಚಿಕ್ಕಂದಿನಲ್ಲಿ ಅನ್ನಿಸಿರಲಿಕ್ಕಿಲ್ಲ. ಬಿಡುವಿನ ತಿಂಗಳುಗಳಲ್ಲಿ ಆಲನ್ ಜಾರ್ಡನ್ ಪಾಮರ್ ಅನ್ನುವ ಮಾಜಿ ಕ್ವಾರ್ಟರ್‌ಬ್ಯಾಕ್ ಹತ್ತಿರ ಇದನ್ನೇ ತಿದ್ದಿಕೊಂಡ. ತಂಡವೂ ಕೈ ಕಟ್ಟಿ ಕೂರಲಿಲ್ಲ. ಬ್ರಯನ್ ಡೇಬಲ್ ಅನ್ನುವ ಒಬ್ಬರೇ ಕೋಚ್ ನಾಲ್ಕು ವರ್ಷ ಅವನ ಆಟಕ್ಕೆ ಯೋಜನೆ ಬರೆದರು. 2020ರಲ್ಲಿ ಸ್ಟೆಫಾನ್ ಡಿಗ್ಸ್ ಅನ್ನುವ ರಿಸೀವರ್‌ನನ್ನು ತಂದರು. ಡಿಗ್ಸ್ ಆ ವರ್ಷ 127 ಪಾಸ್ ಹಿಡಿದ, ಇಡೀ ಲೀಗ್‌ನಲ್ಲಿ ಎಲ್ಲರಿಗಿಂತ ಜಾಸ್ತಿ.

ಆ ಸೀಸನ್ ಕೋವಿಡ್ ಕಾಲದ್ದು, ಪ್ಲೇಆಫ್ ಬರುವವರೆಗೂ ಬಫಲೋ ಸ್ಟೇಡಿಯಂ ಖಾಲಿ. ಅಷ್ಟು ವರ್ಷ ಕಾದವರಿಗೆ ಕಣ್ಣೆದುರು ನೋಡುವ ಭಾಗ್ಯ ಇಲ್ಲ. ನವೆಂಬರ್‌ನಲ್ಲಿ ಆಲನ್‌ನ ಅಜ್ಜಿ ಪೆಟ್ರೀಷಿಯಾ ತೀರಿಕೊಂಡರು. ಮರುದಿನ ಅವನು ಆಡಿ ಸಿಯಾಟಲ್ ವಿರುದ್ಧ 415 ಗಜ ಎಸೆದ. ವಿಷಯ ಗೊತ್ತಾದ ಜನ ಊರಿನ ಓಷೈ ಮಕ್ಕಳ ಆಸ್ಪತ್ರೆಗೆ ಮತ್ತೆ 17 ಡಾಲರ್ ಕಳಿಸಲು ಶುರು ಮಾಡಿದರು. ಈ ಸಲ 17 ಅಂದರೆ ಆಲನ್‌ನ ಜೆರ್ಸಿ ಸಂಖ್ಯೆ. ಮೊತ್ತ 10 ಲಕ್ಷ ಡಾಲರ್ ದಾಟಿತು. ಆಸ್ಪತ್ರೆಯ ಒಂದು ವಿಭಾಗಕ್ಕೆ ಅಜ್ಜಿಯ ಹೆಸರಿದೆ.

ಅದೇ 2018ರ ಡ್ರಾಫ್ಟ್‌ನಲ್ಲಿ ಆಲನ್‌ಗಿಂತ ಮುಂಚೆ, 3ನೇ ಸರದಿಯಲ್ಲಿ ಹೋದ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಡಾರ್ನಲ್ಡ್. ಜೆಟ್ಸ್ ತಂಡ. 2019ರ ಒಂದು ಪಂದ್ಯದಲ್ಲಿ 33-0 ಸೋಲುವಾಗ ಬೆಂಚಿನ ಮೇಲೆ ಕೂತು ‘ನನಗೆ ದೆವ್ವಗಳು ಕಾಣುತ್ತಿವೆ’ ಅಂದದ್ದು ಮೈಕಿನಲ್ಲಿ ಸಿಕ್ಕಿತು. ಇಲ್ಲದ ಎದುರಾಳಿ ಇದ್ದ ಹಾಗೆ ಕಾಣುವುದು. ದೇಶವೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ, ಕಣ್ಣಿನ ಕೆಲಸ ಎಷ್ಟು ಕಷ್ಟ ಅಂತ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ. ಮೂರು ವರ್ಷಕ್ಕೆ ಜೆಟ್ಸ್ ಅವನನ್ನು ಕಳಿಸಿಬಿಟ್ಟರು. 2024ರಲ್ಲಿ ಮಿನ್ನೆಸೋಟ ತಂಡದಲ್ಲಿ ಅದೇ ಡಾರ್ನಲ್ಡ್ 35 ಟಚ್‌ಡೌನ್ ಪಾಸ್ ಎಸೆದ, ತಂಡ 14 ಪಂದ್ಯ ಗೆದ್ದಿತು. ಅದೇ ಡ್ರಾಫ್ಟ್‌ನಲ್ಲಿ 10ನೇ ಸರದಿಯ ಕ್ವಾರ್ಟರ್‌ಬ್ಯಾಕ್ ಜಾಶ್ ರೋಸನ್‌ಗೆ ಅರಿಜೋನಾ ತಂಡ ಕೊಟ್ಟದ್ದು ಒಂದೇ ವರ್ಷ.

ಆಡಿಸಿ ಕಲಿಸಬೇಕಾ, ಕೂರಿಸಿ ಕಲಿಸಬೇಕಾ ಅನ್ನುವುದು ಮುಗಿಯದ ಜಗಳ. ಗ್ರೀನ್ ಬೇ ತಂಡದ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಆದ ಏರನ್ ರಾಜರ್ಸ್ ಮೂರು ವರ್ಷ ಬೆಂಚ್ ಕಾಯ್ದ. ಮಹೋಮ್ಸ್ ಒಂದು ವರ್ಷ. ಆಲನ್‌ನನ್ನು ಮೊದಲ ಪಂದ್ಯದಲ್ಲಿ ಕೂರಿಸುವುದು ಬಿಲ್ಸ್ ಲೆಕ್ಕ, ಆದರೆ ಆ ಪಂದ್ಯ 47-3 ಸೋಲುವ ಹಾದಿ ಹಿಡಿದಾಗ ಅರ್ಧದಲ್ಲೇ ಇಳಿಸಬೇಕಾಯಿತು.

ಡಿಸೆಂಬರ್ ಯಾಕೆ ಬೇರೆ

ಸೆಪ್ಟೆಂಬರ್‌ನಲ್ಲಿ ಚೆನ್ನಾಗಿ ಆಡಿದವನನ್ನು ನೋಡಿ ಮೋಸ ಹೋಗಬೇಡಿ. ಸೀಸನ್ ಕೊನೆಯ ಹೊತ್ತಿಗೆ ಅವನ ಪ್ರತಿ ಎಸೆತದ ವಿಡಿಯೋ ಎದುರಾಳಿ ಕೋಚ್ ಹತ್ತಿರ ಇರುತ್ತದೆ. ಜೊತೆಯವರಿಗೆ ಗಾಯ, ಮೇಲೆ ಚಳಿ ಗಾಳಿ.

ಒಂದೇ ಉದಾಹರಣೆ ಸಾಕು. 2021 ಡಿಸೆಂಬರ್ 6, ಬಫಲೋದಲ್ಲಿ ಬಿರುಗಾಳಿ. ಎದುರಾಳಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಇಡೀ ಪಂದ್ಯದಲ್ಲಿ ಎಸೆದದ್ದು ಮೂರೇ ಪಾಸ್. ಓಡಿ ಓಡಿಯೇ 14-10 ಗೆದ್ದರು. ಊರಿಗೆ ಊರೇ ಅವಮಾನದಿಂದ ಕುದಿಯಿತು. ಮುಂದಿನ ಜನವರಿ 15, ಪ್ಲೇಆಫ್, ಅದೇ ಮೈದಾನ, ಅದೇ ಎದುರಾಳಿ, ಮೈನಸ್ 14 ಡಿಗ್ರಿ ಆಸುಪಾಸಿನ ಚಳಿ. ಆಲನ್ ಎಸೆದದ್ದು 25, ಗುರಿ ಮುಟ್ಟಿದ್ದು 21, ಅದರಲ್ಲಿ ಟಚ್‌ಡೌನ್ 5. ಅಂದರೆ ತಪ್ಪಿದ ಎಸೆತಕ್ಕಿಂತ ಟಚ್‌ಡೌನ್ ಜಾಸ್ತಿ! ಬಿಲ್ಸ್ 47-17.

ಎಂಟು ದಿನದ ನಂತರ ಕ್ಯಾನ್ಸಸ್ ಸಿಟಿ. ಎದುರಿಗೆ ಮಹೋಮ್ಸ್, ಬಿಲ್ಸ್ ಮಾರಿದ ಸರದಿಯ ಹುಡುಗ. ಕೊನೆಯ ಎರಡು ನಿಮಿಷದಲ್ಲಿ ಎರಡೂ ತಂಡ ಸೇರಿ 25 ಅಂಕ. 13 ಸೆಕೆಂಡ್ ಇದ್ದಾಗ ಬಿಲ್ಸ್ 36-33 ಮುಂದೆ. ಆ 13 ಸೆಕೆಂಡಿನಲ್ಲಿ ಮಹೋಮ್ಸ್ ಎರಡು ಪಾಸ್ ಎಸೆದ, 19 ಗಜ, 25 ಗಜ. ಫೀಲ್ಡ್ ಗೋಲ್, ಸಮ. ಹೆಚ್ಚುವರಿ ಆಟದಲ್ಲಿ ಟಾಸ್ ಗೆದ್ದ ಕ್ಯಾನ್ಸಸ್ ಸಿಟಿ ನೇರ ಟಚ್‌ಡೌನ್ ಹೊಡೆಯಿತು, 42-36. ಆಗಿನ ನಿಯಮದಲ್ಲಿ ಅಲ್ಲಿಗೇ ಆಟ ಮುಗಿಯಿತು. ಆಲನ್ ಕೈಗೆ ಚೆಂಡೇ ಬರಲಿಲ್ಲ. ಎರಡು ತಿಂಗಳಲ್ಲಿ ಲೀಗ್ ಪ್ಲೇಆಫ್ ನಿಯಮವನ್ನೇ ಬದಲಿಸಿತು, ಈಗ ಇಬ್ಬರಿಗೂ ಚೆಂಡು ಸಿಗುತ್ತದೆ. ಬಫಲೋದಲ್ಲಿ ಇವತ್ತಿಗೂ ‘13 ಸೆಕೆಂಡ್’ ಅಂದರೆ ಸಾಕು, ಬೇರೆ ವಿವರಣೆ ಬೇಡ. ಆಲನ್ 2024ರ ಸೀಸನ್ನಿನಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದ.

ನೋಡುವವರಿಗೆ ಒಂದು ಸೂಚನೆ. ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಹಿಂದಿಡುತ್ತಾರೆ. ಆಮೇಲೆ ಅಲ್ಲಿನ ಮಧ್ಯಾಹ್ನ 1 ಗಂಟೆಯ ಪಂದ್ಯ ನಮಗೆ ಭಾನುವಾರ ರಾತ್ರಿ 11:30ಕ್ಕೆ, ಸಂಜೆಯದು ಸೋಮವಾರ ನಸುಕಿನ ಮೂರರ ಹೊತ್ತಿಗೆ. ನಿದ್ದೆ ಕೆಡಿಸಿಕೊಳ್ಳಲು ಮನಸ್ಸಿಲ್ಲದಿದ್ದರೆ ಮರುದಿನ ಮುಖ್ಯಾಂಶ ಹಾಕಿಕೊಳ್ಳಿ. ಮೊದಲ ಸಲ ಎಲ್ಲರ ಹಾಗೆ ಚೆಂಡನ್ನು ನೋಡಿ. ಎರಡನೇ ಸಲ ವೇಗ ಅರ್ಧಕ್ಕೆ ಇಳಿಸಿ, ಕ್ವಾರ್ಟರ್‌ಬ್ಯಾಕ್‌ನ ಸೊಂಟದ ಕೆಳಗೆ ಮಾತ್ರ ನೋಡಿ. ಹಿಂಗಾಲು ಊರಿದ ಮೇಲೆ ಎಷ್ಟು ಜಿಗಿತ ಅಂತ ಎಣಿಸಿ. ಎರಡು ಜಿಗಿತದ ಮೇಲೆ ಚೆಂಡು ಹೋಯಿತು ಅಂದರೆ ಅವನು ಎಸೆದದ್ದು ಬಹುಶಃ ಮೂರನೆಯವನಿಗೆ.