ಊಟದ ನಂತರ ಇಳಿಯುವ ಸಕ್ಕರೆಯೂ ಋತುಚಕ್ರದ ಹಾರ್ಮೋನುಗಳೂ

ರಿಯಾಕ್ಟಿವ್ ಹೈಪೊಗ್ಲೈಸೀಮಿಯಾದಲ್ಲಿ ರಕ್ತದ ಸಕ್ಕರೆ ಇಳಿಯುವುದು ಹಸಿದಿದ್ದಾಗ ಅಲ್ಲ, ಉಂಡ ಮೇಲೆ. ಸಾಮಾನ್ಯವಾಗಿ ಊಟವಾಗಿ ಎರಡರಿಂದ ನಾಲ್ಕು ಗಂಟೆಯೊಳಗೆ ಕೈ ನಡುಗುತ್ತದೆ, ಬೆವರು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ತಾಳಲಾಗದ ಹಸಿವಾಗುತ್ತದೆ. ಆದರೆ ಈ ಲಕ್ಷಣಗಳಷ್ಟೇ ರೋಗನಿರ್ಣಯಕ್ಕೆ ಸಾಲುವುದಿಲ್ಲ. ಮೂರು ಸಂಗತಿಗಳು ಒಟ್ಟಿಗೆ ಇರಬೇಕು: ಲಕ್ಷಣ ಕಾಣಿಸಬೇಕು, ಆ ಹೊತ್ತಿನಲ್ಲಿಯೇ ಸಕ್ಕರೆ ಕಡಿಮೆ ಇರಬೇಕು, ಸಕ್ಕರೆ ಏರಿದೊಡನೆ ಲಕ್ಷಣ ಹೋಗಬೇಕು. ಇದೇ ಅಮೆರಿಕದ ಶಸ್ತ್ರವೈದ್ಯ ವಿಪಲ್‌ನ ತ್ರಿಸೂತ್ರ. ಮಧುಮೇಹವಿಲ್ಲದವರಲ್ಲಿ 'ಕಡಿಮೆ' ಎನ್ನಲು ಬಳಸುವ ಗಡಿ ಡೆಸಿಲೀಟರ್‌ಗೆ 55 ಮಿಲಿಗ್ರಾಂ. ಎಲ್ಲೆಡೆ ಕಾಣುವ 70 ಎಂಬ ಅಂಕಿ ಮಧುಮೇಹದ ಔಷಧ ತೆಗೆದುಕೊಳ್ಳುವವರಿಗೆ ಕೊಡುವ ಎಚ್ಚರಿಕೆಯ ಮಟ್ಟ. ಇವೆರಡನ್ನು ಅದಲುಬದಲು ಮಾಡಬೇಡಿ.

ಒಳಗೆ ನಡೆಯುವುದೇನು? ಬೇಗ ಜೀರ್ಣವಾಗುವ ಪಿಷ್ಟ ತಿಂದಾಗ ಗ್ಲೂಕೋಸ್ ಸರ್ರನೆ ಏರುತ್ತದೆ. ಅನೇಕರಲ್ಲಿ ಇನ್ಸುಲಿನ್‌ನ ಮೊದಲ ಕಂತು ಸಾಲದೆ, ಎರಡನೆಯದು ತಡವಾಗಿ, ಬೇಕಾದುದಕ್ಕಿಂತ ಹೆಚ್ಚಾಗಿ ಬರುತ್ತದೆ. ಅಷ್ಟರಲ್ಲಿ ಕರುಳಿನಿಂದ ಬರುವ ಗ್ಲೂಕೋಸ್ ತೀರುತ್ತಾ ಬಂದಿರುತ್ತದೆ, ಇನ್ಸುಲಿನ್ ಮಾತ್ರ ಕೆಲಸ ನಿಲ್ಲಿಸಿರುವುದಿಲ್ಲ. ಆಗಲೇ ಕುಸಿತ. 'ತಡ' ಮತ್ತು 'ಹೆಚ್ಚು' ಎಂಬ ಈ ಎರಡು ದೋಷಗಳನ್ನು ನೆನಪಿಟ್ಟುಕೊಳ್ಳಿ. ಹಾರ್ಮೋನುಗಳ ಪ್ರಭಾವವನ್ನು ಇವುಗಳ ಮೂಲಕವೇ ಅರ್ಥಮಾಡಿಕೊಳ್ಳಬೇಕು.

ಮುಟ್ಟಿನ ಮೊದಲ ದಿನದಿಂದ ಅಂಡಾಣು ಬಿಡುಗಡೆಯಾಗುವವರೆಗೆ ಫಾಲಿಕ್ಯುಲರ್ ಹಂತ. ಇದರ ಉತ್ತರಾರ್ಧದಲ್ಲಿ ಈಸ್ಟ್ರಡೈಯಾಲ್ (ಈಸ್ಟ್ರೋಜೆನ್ ಹಾರ್ಮೋನಿನ ಮುಖ್ಯ ರೂಪ) ಏರುತ್ತದೆ, ಪ್ರೊಜೆಸ್ಟರಾನ್ ಹೆಚ್ಚುಕಡಿಮೆ ಇರುವುದೇ ಇಲ್ಲ. ನಂತರದ್ದು ಲ್ಯೂಟಿಯಲ್ ಹಂತ: ಅಂಡಾಣು ಹೊರಬಿದ್ದ ಕೋಶದಿಂದ ಅಂಡಾಶಯದಲ್ಲಿ ಉಂಟಾಗುವ ಕಾರ್ಪಸ್ ಲ್ಯೂಟಿಯಂ ಪ್ರೊಜೆಸ್ಟರಾನ್ ಸ್ರವಿಸುತ್ತದೆ, ಸುಮಾರು ಒಂದು ವಾರದ ಬಳಿಕ ಅದು ತುದಿಮುಟ್ಟುತ್ತದೆ, ಗರ್ಭ ನಿಲ್ಲದಿದ್ದರೆ ಮುಟ್ಟಿಗೆ ಮುನ್ನ ಎರಡೂ ಹಾರ್ಮೋನುಗಳು ಇಳಿಯುತ್ತವೆ. ಸ್ಥೂಲವಾಗಿ ಹೇಳುವುದಾದರೆ ಈಸ್ಟ್ರೋಜೆನ್ ಇನ್ಸುಲಿನ್‌ಗೆ ಸಹಕಾರಿ, ಪ್ರೊಜೆಸ್ಟರಾನ್ ವಿರೋಧಿ.

ಈ ವಿರೋಧ ಎಷ್ಟು ಬಲವಾದದ್ದು? ಆರೋಗ್ಯವಂತ ಮಹಿಳೆಯರನ್ನು ಕುರಿತ, 2010ರಲ್ಲಿ ಪ್ರಕಟವಾದ ಬಯೋಸೈಕಲ್ ಅಧ್ಯಯನದಲ್ಲಿ ಇನ್ಸುಲಿನ್ ಪ್ರತಿರೋಧದ (ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದರ) ಸೂಚ್ಯಂಕ ಫಾಲಿಕ್ಯುಲರ್ ಹಂತದ ಮಧ್ಯದಲ್ಲಿ 1.35 ಇದ್ದದ್ದು ಲ್ಯೂಟಿಯಲ್ ಹಂತದ ಆರಂಭಕ್ಕೆ 1.59 ಆಯಿತು. ಏರಿಕೆ ನಿಜ, ಆದರೆ ಸಣ್ಣದು. ಜೊತೆಗೆ ಈ ಸೂಚ್ಯಂಕವನ್ನು ಲೆಕ್ಕಹಾಕುವುದು ಖಾಲಿ ಹೊಟ್ಟೆಯ ರಕ್ತದಿಂದ. ಊಟದ ನಂತರದ ಏರಿಳಿತದ ಬಗ್ಗೆ ಅದು ನೇರವಾಗಿ ಏನನ್ನೂ ಹೇಳುವುದಿಲ್ಲ. 'ಹಾರ್ಮೋನಿನಿಂದಲೇ ಸಕ್ಕರೆ ಕುಸಿಯಿತು' ಎನ್ನುವ ಸರಳ ಉತ್ತರವನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ. ಮೊದಲೇ ಇರುವ ದೋಷವನ್ನು ಹಾರ್ಮೋನು ಸ್ವಲ್ಪ ಹಿಗ್ಗಿಸಬಹುದು, ಅಷ್ಟೇ.

ಹೇಗೆ ಎಂಬುದು ತಿಳಿಯಲು ಮೊದಲು ಟೈಪ್ 1 ಮಧುಮೇಹವನ್ನು ನೋಡುವುದು ಒಳ್ಳೆಯದು. ಅಲ್ಲಿ ದೇಹ ತಾನೇ ಇನ್ಸುಲಿನ್ ತಯಾರಿಸದೆ, ಅದು ಹೊರಗಿನಿಂದ ಬರುವುದರಿಂದ ಹಾರ್ಮೋನಿನ ಪ್ರಭಾವ ಬರಿಗಣ್ಣಿಗೆ ಕಾಣುವಂತಿರುತ್ತದೆ: ಎಷ್ಟೋ ಮಹಿಳೆಯರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಡೋಸ್ ಸಾಲುವುದಿಲ್ಲ, ಮುಟ್ಟು ಶುರುವಾದ ಮೇಲೆ ಅದೇ ಡೋಸ್ ಹೆಚ್ಚಾಗುತ್ತದೆ. ಮೇದೋಜ್ಜೀರಕ ಗ್ರಂಥಿ ಸರಿಯಿರುವವರಲ್ಲಿ ಅದು ತಾನೇ ಹೆಚ್ಚು ಇನ್ಸುಲಿನ್ ಸುರಿಸಿ ಪ್ರತಿರೋಧವನ್ನು ಮುಚ್ಚಿಬಿಡುತ್ತದೆ. ರಿಯಾಕ್ಟಿವ್ ಹೈಪೊಗ್ಲೈಸೀಮಿಯಾ ಇರುವವರ ತೊಂದರೆ ಇರುವುದೇ ಈ ಸುರಿಸುವಿಕೆಯಲ್ಲಿ. ಹೀಗೆ ತರ್ಕಿಸಿದರೆ ಗಮನಿಸಬೇಕಾದ ಅವಧಿಗಳು ಎರಡು. ಲ್ಯೂಟಿಯಲ್ ಹಂತದಲ್ಲಿ ಊಟದ ನಂತರದ ಏರಿಕೆ ದೊಡ್ಡದಾಗಿ, ಅದರ ಬೆನ್ನಿಗೆ ಬರುವ ಇನ್ಸುಲಿನ್ನೂ ದೊಡ್ಡದಾಗಬಹುದು. ಈ ದಿನಗಳಲ್ಲಿ ಹಲವರಿಗೆ ಸಿಹಿಯ ಬಯಕೆಯೂ ಹೆಚ್ಚುವುದರಿಂದ ಅದು ಇನ್ನಷ್ಟು ಬೆಳೆಯುತ್ತದೆ. ಮುಟ್ಟಿನ ಆಸುಪಾಸಿನಲ್ಲಿ ಪ್ರತಿರೋಧ ಸಡಿಲವಾದಾಗ ಅಷ್ಟೇ ಇನ್ಸುಲಿನ್ ಹೆಚ್ಚು ಕೆಲಸ ಮಾಡುತ್ತದೆ. ಯಾವುದು ಯಾರಲ್ಲಿ ಮೇಲುಗೈ ಪಡೆಯುತ್ತದೆ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ.

ಇಲ್ಲಿ ತೊಡಕೊಂದಿದೆ. ಮುಟ್ಟಿನ ಮುನ್ನ ಬರುವ ಸಿಡುಕು, ಸುಸ್ತು, ಎದೆಬಡಿತ, ಹಸಿವು ಇವೆಲ್ಲ ಸಕ್ಕರೆ ಸರಿಯಿದ್ದಾಗಲೂ ಬರುತ್ತವೆ. ಲಕ್ಷಣ ಬಂದ ಗಳಿಗೆಯಲ್ಲಿ ಅಳೆಯದೆ ಯಾವುದು ಯಾವುದೆಂದು ಹೇಳಲಾಗದು. ತೋಳಿಗೆ ಅಂಟಿಸುವ ಸೆನ್ಸರ್ ಅಳೆಯುವುದು ಜೀವಕೋಶಗಳ ನಡುವಿನ ದ್ರವದ ಗ್ಲೂಕೋಸನ್ನು. ಅದು ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ, ಆ ತೋಳಿನ ಮೇಲೆ ಒರಗಿ ಮಲಗಿದರೆ ಸುಳ್ಳು ಇಳಿಕೆಯನ್ನೂ ತೋರಿಸುತ್ತದೆ. ಆದ್ದರಿಂದ ಇಳಿಕೆ ಕಂಡಾಗ ಬೆರಳಿನ ರಕ್ತದಿಂದಲೂ ನೋಡಬೇಕು. ಖಚಿತ ನಿರ್ಣಯಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಆಗಬೇಕು.

ದಾಖಲೆ ಇಡುವವರು ಊಟ, ಸಮಯ, ಅಂಕಿಗಳ ಪಕ್ಕದಲ್ಲಿ ಚಕ್ರದ ದಿನವನ್ನೂ ಬರೆಯಬೇಕು. ಎಲ್ಲರ ಚಕ್ರವೂ 28 ದಿನದ್ದೆಂದು ಭಾವಿಸಿ 14ನೆಯ ದಿನಕ್ಕೆ ಗೆರೆ ಎಳೆದರೆ ಲೆಕ್ಕ ತಪ್ಪುತ್ತದೆ. ಹೆಚ್ಚು ಹಿಗ್ಗಿ ಕುಗ್ಗುವುದು ಫಾಲಿಕ್ಯುಲರ್ ಹಂತ. ಲ್ಯೂಟಿಯಲ್ ಹಂತ ಸುಮಾರು ಎರಡು ವಾರ. ಮುಂದಿನ ಮುಟ್ಟು ಬಂದ ಮೇಲೆ ಹಿಂದಕ್ಕೆ ಎಣಿಸುವುದೇ ಸರಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಿಗೆ ಈ ನಕ್ಷೆ ಅನ್ವಯಿಸುವುದಿಲ್ಲ.

ಆಹಾರದ ಸಲಹೆ ಚಕ್ರದ ಎಲ್ಲ ದಿನಗಳಿಗೂ ಒಂದೇ: ಬರೀ ಅನ್ನ ಅಥವಾ ಬರೀ ಅವಲಕ್ಕಿಯ ಬದಲು ಕಾಳು, ಮೊಸರು, ಮೊಟ್ಟೆ, ತರಕಾರಿ ಜೊತೆಗಿರಲಿ, ಒಮ್ಮೆಗೆ ತಿನ್ನುವುದು ಕಡಿಮೆಯಿರಲಿ. ಹಿಂದಿನ ರಾತ್ರಿ ಉಂಡು, ಬೆಳಗ್ಗೆ ಏನೂ ತಿನ್ನದೆ ಇದ್ದಾಗಲೇ ಸಕ್ಕರೆ 55ಕ್ಕಿಂತ ಕೆಳಗಿಳಿದರೆ, ಅಥವಾ ಪ್ರಜ್ಞೆ ತಪ್ಪಿದರೆ, ಕಾರಣವನ್ನು ಋತುಚಕ್ರದಲ್ಲಿ ಹುಡುಕುತ್ತಾ ಕೂರಬಾರದು. ಇನ್ಸುಲಿನೋಮಾದಂತಹ, ಇನ್ಸುಲಿನ್ ಸುರಿಸುವ ಗೆಡ್ಡೆ, ಅಡ್ರಿನಲ್ ಗ್ರಂಥಿಯ ಕೊರತೆ ಮುಂತಾದವನ್ನು ತಳ್ಳಿಹಾಕಲು ಎಂಡೊಕ್ರೈನಾಲಜಿ (ಹಾರ್ಮೋನು ತಜ್ಞ) ವೈದ್ಯರ ತಪಾಸಣೆ ಬೇಕು.