ಬಾರದವರನ್ನು ಕೇಳಿಕೊಂಡು ಹೋಗುವವರು: ಕುಟುಂಬ, ಧರ್ಮ ಮತ್ತು ಆರೋಗ್ಯ

‘ಕುಟುಂಬ ಮತ್ತು ಧರ್ಮ ಆರೋಗ್ಯದ ಮೇಲೆ ಬೀರುವ ಪರಿಣಾಮವನ್ನು ವಿವರಿಸಿ’ ಎಂಬ ಪರೀಕ್ಷೆಯ ಪ್ರಶ್ನೆಗೆ ನಮ್ಮಲ್ಲಿ ಹೆಚ್ಚಿನವರು ಎರಡು ವಾಕ್ಯ ಬರೆಯುತ್ತೇವೆ. ಕುಟುಂಬ ಭಾವನಾತ್ಮಕ ಭದ್ರತೆ ನೀಡುತ್ತದೆ, ಧರ್ಮ ಮನಸ್ಸಿಗೆ ಶಾಂತಿ ನೀಡುತ್ತದೆ. ಮೊದಲ ವರ್ಷ ನಾನೂ ಹಾಗೆಯೇ ಬರೆದಿದ್ದೆ. ಅದರಲ್ಲಿ ತಪ್ಪೇನಿಲ್ಲ, ಆದರೆ ತಿಳಿಯುವುದೂ ಏನಿಲ್ಲ. ಮನಸ್ಸಿಗೆ ಸಿಕ್ಕ ಭದ್ರತೆ ಹೃದಯದ ರಕ್ತನಾಳದವರೆಗೆ ಇಳಿಯುವುದು ಯಾವ ದಾರಿಯಲ್ಲಿ? ಅದು ಮನೆಯ ಎಲ್ಲರ ಪಾಲಿಗೂ ಸಮನಾಗಿ ಬರುತ್ತದೆಯೇ? ಈ ಎರಡು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ಮುಂದಿನ ಟಿಪ್ಪಣಿ ಓದಿ.

ರೊಸೆಟೊ ಎಂಬ ಊರು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ರೊಸೆಟೊ ಎಂಬ ಪುಟ್ಟ ಊರಿದೆ. ದಕ್ಷಿಣ ಇಟಲಿಯ ರೊಸೆಟೊ ವಲ್ಫೊರ್ತೊರೆ ಎಂಬ ಹಳ್ಳಿಯಿಂದ 1880ರ ದಶಕದಿಂದ ವಲಸೆ ಬಂದವರು ಕಟ್ಟಿದ ಊರು. ಗಂಡಸರು ಸ್ಲೇಟು ಕಲ್ಲಿನ ಗಣಿಗಳಲ್ಲಿ ದುಡಿದರು, ಹೆಂಗಸರು ರವಿಕೆ ಹೊಲಿಯುವ ಕಾರ್ಖಾನೆಗಳಿಗೆ ಹೋದರು. 1960ರ ದಶಕದ ಆರಂಭದಲ್ಲಿ ಸ್ಟೂವರ್ಟ್ ವುಲ್ಫ್ ಎಂಬ ವೈದ್ಯರಿಗೆ ಅಲ್ಲಿನ ಸ್ಥಳೀಯ ವೈದ್ಯರೊಬ್ಬರು ಮಾತಿನ ನಡುವೆ ಒಂದು ಸಂಗತಿ ಹೇಳಿದರು: ಪಕ್ಕದ ಬ್ಯಾಂಗರ್ ಊರಿನವರಿಗೆ ಹೋಲಿಸಿದರೆ ರೊಸೆಟೊದವರಿಗೆ ಹೃದಯದ ಕಾಯಿಲೆ ಬರುವುದು ಬಹಳ ಕಡಿಮೆ. ಆ ಕಾಲದ ಅಮೆರಿಕದಲ್ಲಿ ನಡುವಯಸ್ಸಿನ ಗಂಡಸರ ಸಾವಿಗೆ ಹೃದಯಾಘಾತವೇ ದೊಡ್ಡ ಕಾರಣವಾಗಿತ್ತು. ವುಲ್ಫ್ ತಂಡ ಮರಣ ದಾಖಲೆಗಳನ್ನು ತೆಗೆದು ನೋಡಿದಾಗ ಆ ಮಾತು ನಿಜವೆಂದು ಕಂಡಿತು.

ಊಟ ಕಾರಣವಿರಬಹುದೇ? ಅವರು ಆಲಿವ್ ಎಣ್ಣೆ ಬಿಟ್ಟು ಹಂದಿಯ ಕೊಬ್ಬಿನಲ್ಲಿ ಅಡುಗೆ ಮಾಡುತ್ತಿದ್ದರು. ಗಂಡಸರು ಧಾರಾಳವಾಗಿ ಹೊಗೆಬತ್ತಿ ಸೇದುತ್ತಿದ್ದರು, ದ್ರಾಕ್ಷಾರಸ ಕುಡಿಯುತ್ತಿದ್ದರು. ನೀರು? ಪಕ್ಕದ ಊರಿಗೂ ಅದೇ ನೀರು, ಅದೇ ಆಸ್ಪತ್ರೆ, ಅದೇ ವೈದ್ಯರು. ಉಳಿದದ್ದು ಬದುಕುವ ರೀತಿ. ಒಂದೇ ಸೂರಿನಡಿ ಮೂರು ತಲೆಮಾರು ಇದ್ದವು. ಎಲ್ಲರೂ ಸೇರುವ ಚರ್ಚು ಇತ್ತು, ಅದರ ಸುತ್ತ ಹತ್ತಾರು ಸಂಘಗಳಿದ್ದವು. ಹಣವಂತರು ಹಣ ಮೆರೆಸಬಾರದು ಎಂಬುದು ಊರಿನ ಅಲಿಖಿತ ಕಟ್ಟಳೆಯಾಗಿತ್ತು. ಯಾರ ಮನೆಯಲ್ಲಿ ಕಷ್ಟ ಬಂದರೂ ಅದನ್ನು ಆ ಮನೆಯವರು ಒಬ್ಬರೇ ಹೊರಬೇಕಾಗಿರಲಿಲ್ಲ.

ಈ ಕಥೆಯಲ್ಲಿ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಮುಂದಿನ ಭಾಗ. ಈ ಕಟ್ಟು ಸಡಿಲವಾದರೆ ಹೃದಯಾಘಾತ ಹೆಚ್ಚುತ್ತದೆ ಎಂದು ಸಂಶೋಧಕರು ಆಗಲೇ ಅಂದಾಜು ಮಾಡಿದ್ದರು. ಮಕ್ಕಳು ಕಾಲೇಜಿಗೆ ಹೋದರು, ಊರಾಚೆ ಬೇಲಿ ಹಾಕಿದ ದೊಡ್ಡ ಮನೆಗಳು ಎದ್ದವು, ಸಂಘಗಳು ಸೊರಗಿದವು. 1935ರಿಂದ 1985ರವರೆಗಿನ ಮರಣ ಪತ್ರಗಳನ್ನು ಹೋಲಿಸಿ 1992ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 1960ರ ದಶಕದ ನಡುವಿನವರೆಗೆ ರೊಸೆಟೊದ ಹೃದಯಾಘಾತದ ಸಾವುಗಳು ಬ್ಯಾಂಗರ್‌ಗಿಂತ ಸ್ಪಷ್ಟವಾಗಿ ಕಡಿಮೆ. ಆಮೇಲೆ ಎರಡೂ ಊರು ಒಂದೇ ಮಟ್ಟಕ್ಕೆ ಬಂದವು. ಊರು ಚಿಕ್ಕದು, ಸಾವಿನ ಸಂಖ್ಯೆಯೂ ಚಿಕ್ಕದು, ಆದ್ದರಿಂದ ಇದೊಂದರ ಮೇಲೆಯೇ ಸಿದ್ಧಾಂತ ಕಟ್ಟಬಾರದು ಎಂಬ ಆಕ್ಷೇಪ ನ್ಯಾಯವಾದದ್ದೇ. ಉತ್ತರ ಬರೆಯುವಾಗ ಅದನ್ನೂ ಸೇರಿಸಿ.

ದೊಡ್ಡ ಅಂಕಿಗಳು, ಒಂದು ಜಮಖಾನೆ

ಒಂದೇ ಊರಿನ ಕಥೆಯಿಂದ ತೃಪ್ತಿಯಾಗದವರಿಗೆ ಕ್ಯಾಲಿಫೋರ್ನಿಯಾದ ಅಲಮೇಡಾ ಕೌಂಟಿಯ ಅಧ್ಯಯನವಿದೆ. ಲೀಸಾ ಬರ್ಕ್‌ಮನ್ ಮತ್ತು ಲಿಯೊನಾರ್ಡ್ ಸೈಮ್ 1979ರಲ್ಲಿ ಪ್ರಕಟಿಸಿದ್ದು. 6,928 ವಯಸ್ಕರನ್ನು ಒಂಬತ್ತು ವರ್ಷ ಗಮನಿಸಿದರು. ಅವರು ಎಣಿಸಿದ್ದು ನಾಲ್ಕು ಬಂಧಗಳನ್ನು: ಮದುವೆ, ನೆಂಟರು ಮತ್ತು ಗೆಳೆಯರು, ಚರ್ಚಿನ ಸದಸ್ಯತ್ವ, ಇತರ ಸಂಘಗಳು. ಬಂಧಗಳು ಅತಿ ಕಡಿಮೆ ಇದ್ದವರು ಆ ಅವಧಿಯಲ್ಲಿ ಸಾಯುವ ಸಾಧ್ಯತೆ, ಹೆಚ್ಚು ಬಂಧಗಳಿದ್ದವರಿಗಿಂತ ಗಂಡಸರಲ್ಲಿ 2.3 ಪಟ್ಟು, ಹೆಂಗಸರಲ್ಲಿ 2.8 ಪಟ್ಟು ಹೆಚ್ಚಿತ್ತು.

ಈ ಅಂಕಿಯ ಪಕ್ಕದಲ್ಲಿ ನನ್ನ ಟಿಪ್ಪಣಿ ಪುಸ್ತಕದಲ್ಲಿ ಇನ್ನೊಂದು ಬರಹವಿದೆ. ನಮ್ಮ ಬೀದಿಯ ಕೊನೆಯ ರಾಮಮಂದಿರದಲ್ಲಿ ಪ್ರತಿ ಶನಿವಾರ ಸಂಜೆ ಭಜನೆ ನಡೆಯುತ್ತದೆ. ಬರುವವರು ಹದಿನೈದು ಮಂದಿ, ಹೆಚ್ಚಿನವರು ಅರವತ್ತು ದಾಟಿದ ಹೆಂಗಸರು. ಒಂದು ಶನಿವಾರ ನಾನು ಅಜ್ಜಿಯ ಜೊತೆ ಹೋಗಿದ್ದೆ. ಜಮಖಾನೆಯ ಗೋಡೆಬದಿಯ ಮೂಲೆ ಖಾಲಿಯಾಗಿತ್ತು. ಅಲ್ಲಿ ಪ್ರತಿವಾರ ಕೂರುವವರು ಬಂದಿರಲಿಲ್ಲ. ಮಂಗಳಾರತಿ ಮುಗಿದ ಕೂಡಲೇ ಇಬ್ಬರು ಕೋಸಂಬರಿಯ ದೊನ್ನೆ ಹಿಡಿದುಕೊಂಡು ಅವರ ಮನೆಯ ಕಡೆ ಹೊರಟರು, ನಾನೂ ಹಿಂದೆ ಹೋದೆ. ಆಕೆ ಬೆಳಿಗ್ಗೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು, ಊದಿದ ಕಾಲನ್ನು ಮಣೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಮಗ ಬೇರೆ ಊರಿನಲ್ಲಿ. ‘ಅವನಿಗ್ಯಾಕೆ ಗಾಬರಿ ಮಾಡುವುದು ಅಂತ ಫೋನು ಮಾಡಲಿಲ್ಲ’ ಎಂದರು. ಹತ್ತು ನಿಮಿಷದಲ್ಲಿ ಆಟೊ ಬಂತು. ‘ಸಾಮಾಜಿಕ ಏಕೀಕರಣ’ ಎಂದು ಪಠ್ಯದಲ್ಲಿ ಓದುವ ಪದದ ಅರ್ಥ ನನಗೆ ಆದದ್ದು ಆ ಸಂಜೆ. ನೀವು ಬಾರದೆ ಇದ್ದರೆ ಅದು ಯಾರಿಗಾದರೂ ಗೊತ್ತಾಗುತ್ತದೆ, ಅವರು ಕೇಳಿಕೊಂಡು ಬರುತ್ತಾರೆ.

ನಂಬಿಕೆಯೋ, ಹಾಜರಿಯೋ?

ಅಮೆರಿಕದ ದಾದಿಯರ ಆರೋಗ್ಯ ಅಧ್ಯಯನದ 74,534 ಮಹಿಳೆಯರ ಮಾಹಿತಿ ಆಧರಿಸಿ 2016ರಲ್ಲಿ ಬಂದ ಲೇಖನ ಈ ವಿಷಯದಲ್ಲಿ ಬಹಳ ಮುಖ್ಯ. ವಾರಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಪ್ರಾರ್ಥನಾ ಸಭೆಗೆ ಹೋಗುತ್ತಿದ್ದವರಲ್ಲಿ, ಎಂದೂ ಹೋಗದವರಿಗಿಂತ, 16 ವರ್ಷಗಳ ಅವಧಿಯಲ್ಲಿ ಸಾವಿನ ಅಪಾಯ ಶೇ 33ರಷ್ಟು ಕಡಿಮೆ ಇತ್ತು. ಯಾವ ದಾರಿಯಲ್ಲಿ ಎಂದೂ ಅವರು ಲೆಕ್ಕ ಹಾಕಿದರು. ಈ ವ್ಯತ್ಯಾಸದ ಸುಮಾರು ಶೇ 23 ಭಾಗ ಜನರ ಆಸರೆಯಿಂದ, ಶೇ 22 ಧೂಮಪಾನ ಕಡಿಮೆ ಇದ್ದುದರಿಂದ, ಶೇ 11 ಖಿನ್ನತೆಯ ಲಕ್ಷಣಗಳು ಕಡಿಮೆ ಇದ್ದುದರಿಂದ ಬಂದದ್ದು.

ಇಲ್ಲಿ ಒಂದು ಬಲೆ ಇದೆ, ಪರೀಕ್ಷಕರು ಕೇಳುವುದೂ ಇದನ್ನೇ. ಕಾಯಿಲೆಯವರು ಸಭೆಗೆ ಹೋಗಲಾರರು. ಹಾಗಾದರೆ ಹೋದದ್ದರಿಂದ ಆರೋಗ್ಯ ಬಂತೋ, ಆರೋಗ್ಯವಿದ್ದುದರಿಂದ ಹೋದರೋ? ಈ ಅಧ್ಯಯನ ಮೊದಲೇ ಇದ್ದ ಕಾಯಿಲೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡದ್ದರಿಂದ ಅದಕ್ಕೆ ತೂಕ ಹೆಚ್ಚು. ಆದರೂ ಇಲ್ಲಿದ್ದವರು ಬಹುಪಾಲು ಕ್ರೈಸ್ತ ಧರ್ಮದ, ಬಿಳಿಯ, ಓದಿದ ಹೆಂಗಸರು. ಅದನ್ನೇ ಹುಬ್ಬಳ್ಳಿಗೋ ಕಲಬುರಗಿಗೋ ನೇರವಾಗಿ ಅನ್ವಯಿಸಿದರೆ ಅವಸರವಾಗುತ್ತದೆ.

ಪ್ರಾರ್ಥನೆಯೇ ದೂರದಿಂದ ರೋಗ ಗುಣಪಡಿಸುತ್ತದೆಯೇ ಎಂದು ಪರೀಕ್ಷಿಸಿದ್ದೂ ಇದೆ. 2006ರಲ್ಲಿ ಹರ್ಬರ್ಟ್ ಬೆನ್ಸನ್ ತಂಡ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಅಪರಿಚಿತರು ಮಾಡಿದ ಪ್ರಾರ್ಥನೆಯಿಂದ ತೊಡಕುಗಳೇನೂ ಕಡಿಮೆಯಾಗಲಿಲ್ಲ. ಇದರಿಂದ ಭಕ್ತಿಗೆ ಕುಂದು ಬಂದಿತೆಂದು ನನಗೆ ಅನಿಸುವುದಿಲ್ಲ. ಅಳೆಯಬಹುದಾದ ಫಲ ಇರುವುದು ಒಟ್ಟಿಗೆ ಕೂರುವುದರಲ್ಲಿ, ಒಟ್ಟಿಗೆ ಪಾಲಿಸುವ ಶಿಸ್ತಿನಲ್ಲಿ. ಕ್ಯಾಲಿಫೋರ್ನಿಯಾದ ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದವರು ಧೂಮಪಾನ, ಮದ್ಯ ಮುಟ್ಟುವುದಿಲ್ಲ, ಅನೇಕರು ಸಸ್ಯಾಹಾರಿಗಳು, ಶನಿವಾರ ಪೂರ್ತಿ ವಿಶ್ರಾಂತಿ. ಆ ರಾಜ್ಯದ ಇತರ ಬಿಳಿಯರಿಗಿಂತ ಅವರಲ್ಲಿ ಗಂಡಸರು 7.3 ವರ್ಷ, ಹೆಂಗಸರು 4.4 ವರ್ಷ ಹೆಚ್ಚು ಬದುಕುತ್ತಾರೆ ಎಂದು 2001ರ ಅಧ್ಯಯನ ಹೇಳಿತು.

ಮನೆಯೇ ನೋಯಿಸುವಾಗ

ಇಷ್ಟರವರೆಗೆ ಎಲ್ಲವೂ ಚೆನ್ನ. ಆದರೆ ಇಲ್ಲಿಗೇ ಪೆನ್ನು ಕೆಳಗಿಟ್ಟರೆ ನಮ್ಮ ಉತ್ತರ ಅರ್ಧ ಸುಳ್ಳಾಗುತ್ತದೆ.

ಒಹಾಯೊ ವಿಶ್ವವಿದ್ಯಾಲಯವೊಂದರಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ತಂಡ 42 ದಂಪತಿಗಳ ತೋಳಿನ ಮೇಲೆ ಸಣ್ಣ ಬೊಬ್ಬೆಗಾಯ ಮಾಡಿತು. ಒಂದು ಸಲ ಒಬ್ಬರಿಗೊಬ್ಬರು ಆಸರೆಯಾಗುವ ಮಾತು ಆಡಲು ಹೇಳಿದರು, ಇನ್ನೊಂದು ಸಲ ಜಗಳದ ವಿಷಯ ಎತ್ತಿಕೊಳ್ಳಲು ಹೇಳಿದರು. ಜಗಳದ ನಂತರ ಗಾಯ ನಿಧಾನವಾಗಿ ಮಾಯಿತು. ಕಡು ಮಾತಿನ ದಂಪತಿಗಳಲ್ಲಿ ಗಾಯ ಮಾಯುವ ವೇಗ ಉಳಿದವರ ಶೇ 60ರಷ್ಟು ಮಾತ್ರ. 2005ರಲ್ಲಿ ಇದು ಪ್ರಕಟವಾಯಿತು. ಮಾತು ಚುಚ್ಚುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾರಲ್ಲ, ಅದು ಚರ್ಮದಲ್ಲೇ ಕಾಣಿಸಿತು.

ಮಾನಸಿಕ ಕಾಯಿಲೆಯ ವಿಷಯದಲ್ಲಿ ‘ಅಭಿವ್ಯಕ್ತ ಭಾವನೆ’, ಅಂದರೆ ರೋಗಿಯ ಬಗ್ಗೆ ಮನೆಯವರು ತೋರುವ ಭಾವ, ಎಂಬ ಪರಿಕಲ್ಪನೆ ಕಡ್ಡಾಯವಾಗಿ ಗೊತ್ತಿರಬೇಕು. 1950ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆಯಾದವರನ್ನು ಗಮನಿಸಿದರು. ತಂದೆತಾಯಿ ಅಥವಾ ಸಂಗಾತಿಯ ಬಳಿಗೆ ಮರಳಿದವರಲ್ಲಿ ಕಾಯಿಲೆ ಮರುಕಳಿಸಿದ್ದೇ ಹೆಚ್ಚು, ಬಾಡಿಗೆ ಕೋಣೆಗಳಿಗೆ ಹೋದವರಲ್ಲಿ ಕಡಿಮೆ. ಹುಡುಕಿದಾಗ ಸಿಕ್ಕಿದ್ದು ಮೂರು ಸಂಗತಿ: ಸದಾ ಟೀಕೆ, ಹಗೆತನ, ಮತ್ತು ಉಸಿರಾಡಲು ಬಿಡದಷ್ಟು ಕಾಳಜಿ. ಮೂರನೆಯದನ್ನು ನಾವು ಪ್ರೀತಿ ಎಂದೇ ಕರೆಯುತ್ತೇವೆ, ಅದಕ್ಕೇ ಗುರುತಿಸುವುದು ಕಷ್ಟ. ಮುಂದೆ ಚಂಡೀಗಢದಲ್ಲಿ ನಡೆದ ಅಧ್ಯಯನದಲ್ಲಿ ಅಲ್ಲಿನ ಮನೆಯವರು ಲಂಡನ್ನಿನವರಿಗಿಂತ ಕಡಿಮೆ ಟೀಕೆ ಮಾಡುತ್ತಾರೆ ಎಂದು ಕಂಡಿತು. ಅದೇ 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ರೋಗದ ಬಗ್ಗೆ, ನೋಡಿಕೊಳ್ಳುವ ಬಗ್ಗೆ ಅಲ್ಲಿಯೇ ಕಲಿಸಿದರು.

ಇನ್ನು ಮದುವೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಖೀಮ್ 1897ರ ಆತ್ಮಹತ್ಯೆಯ ಅಧ್ಯಯನದಲ್ಲಿ, ಮದುವೆ ರಕ್ಷಣೆ ನೀಡುತ್ತದೆ ಎಂದದ್ದನ್ನು ಎಲ್ಲರೂ ಬರೆಯುತ್ತಾರೆ. ಆ ರಕ್ಷಣೆ ಗಂಡಸರಿಗೇ ಹೆಚ್ಚು ಸಿಗುತ್ತದೆ, ಮಕ್ಕಳಿಲ್ಲದ ವಿವಾಹಿತ ಹೆಂಗಸರ ಸ್ಥಿತಿ ಅವಿವಾಹಿತೆಯರಿಗಿಂತ ಕೆಟ್ಟದ್ದು ಎಂದೂ ಅವರದೇ ಅಂಕಿಗಳು ತೋರಿಸಿದ್ದವು. ಇದನ್ನು ಬರೆಯುವವರು ಕಡಿಮೆ. ನಮ್ಮ ಹತ್ತಿರದ ಅಂಕಿ ಇನ್ನೂ ಕಠಿಣ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವರ್ಷದ ಮಹಿಳೆಯರಲ್ಲಿ ಗಂಡನ ಹಿಂಸೆ ಅನುಭವಿಸಿದವರು ದೇಶದಲ್ಲಿ ಶೇ 29, ಕರ್ನಾಟಕದಲ್ಲಿ ಶೇ 44. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯಲ್ಲಿ ಆತ್ಮಹತ್ಯೆಗೆ ದಾಖಲಾದ ಕಾರಣಗಳಲ್ಲಿ ಮೊದಲನೆಯದು ‘ಕೌಟುಂಬಿಕ ಸಮಸ್ಯೆ’, ಶೇ 31.7. ಕುಟುಂಬ ಭದ್ರತೆ ನೀಡುತ್ತದೆ ಎಂದು ಬರೆಯುವ ಮೊದಲು ಈ ಸಾಲುಗಳ ಮೇಲೆ ಒಮ್ಮೆ ಬೆರಳಿಟ್ಟು ನೋಡಿ. ಓದುವವರಲ್ಲಿ ಯಾರಿಗಾದರೂ ಇದು ಬರಿಯ ಪಾಠವಲ್ಲ, ಮನೆಯ ಸಂಗತಿಯೇ ಆಗಿದ್ದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ಗುಡಿಯ ಅಂಗಳ, ಕಬ್ಬಿಣದ ಸರಪಳಿ

ಧರ್ಮದ ಕಡೆಗೂ ಇದೇ ಎರಡು ಮುಖ. ಎರಡೂ ಉದಾಹರಣೆ ತಮಿಳುನಾಡಿನವು. ಬೆಂಗಳೂರಿನ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು, ಮಾನಸಿಕ ಕಾಯಿಲೆಯವರು ಬಂದು ತಂಗುವ ಒಂದು ದೇವಸ್ಥಾನದಲ್ಲಿ 31 ಜನರನ್ನು ಅಧ್ಯಯನ ಮಾಡಿದರು. ಅಲ್ಲಿ ಔಷಧವಿಲ್ಲ, ವಿಶೇಷ ವಿಧಿಯೂ ಇಲ್ಲ. ಮನೆಯವರೊಬ್ಬರು ಜೊತೆಗಿರುತ್ತಾರೆ, ರೋಗಿಗಳು ಗಿಡಗಳಿಗೆ ನೀರು ಹಾಕುವಂಥ ಸಣ್ಣ ಕೆಲಸ ಮಾಡಿಕೊಂಡು ವಾರಗಟ್ಟಲೆ ಇರುತ್ತಾರೆ. ರೋಗಲಕ್ಷಣಗಳ ಅಳತೆ ಸುಮಾರು ಶೇ 20ರಷ್ಟು ಇಳಿಯಿತು ಎಂದು 2002ರಲ್ಲಿ ವರದಿ ಮಾಡಿದರು. ಅದಕ್ಕೆ ಒಂದು ವರ್ಷ ಮೊದಲು, 2001ರ ಆಗಸ್ಟ್ 6ರ ನಸುಕಿನಲ್ಲಿ, ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ದರ್ಗಾದ ಸುತ್ತ ಮನೋರೋಗಿಗಳಿಗಾಗಿ ಖಾಸಗಿಯವರು ನಡೆಸುತ್ತಿದ್ದ ಆಶ್ರಯಗಳ ಪೈಕಿ ಒಂದಕ್ಕೆ ಬೆಂಕಿ ಹತ್ತಿತು. ಅಲ್ಲಿದ್ದವರನ್ನು ಸರಪಳಿಯಿಂದ ಕಟ್ಟಿಹಾಕಲಾಗಿತ್ತು. ಓಡಲಾಗದೆ ಸತ್ತವರು 28 ಮಂದಿ. ನಂಬಿಕೆಯ ಜಾಗವನ್ನೇ ಅರಸಿಕೊಂಡು ಬಂದ ಕುಟುಂಬಗಳೇ ಅವರನ್ನೂ ಅಲ್ಲಿ ಬಿಟ್ಟುಹೋಗಿದ್ದವು. ಮೊದಲ ಕಡೆ ಮನೆಯವರು ಜೊತೆಗೇ ಉಳಿದಿದ್ದರು, ಎರಡನೆಯ ಕಡೆ ಇರಲಿಲ್ಲ. ಮನೋರೋಗಿಗಳನ್ನು ಸರಪಳಿಯಿಂದ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೆಯ ಕಲಂ ನಿಷೇಧಿಸಿದೆ.

ಉಪವಾಸ ಮತ್ತು ಮಾತ್ರೆ

ಕೊನೆಯದಾಗಿ ಒಂದು ಸಣ್ಣ ವಿಷಯ, ಆದರೆ ಕ್ಷೇತ್ರಕಾರ್ಯಕ್ಕೆ ಹೋದಾಗ ಪ್ರತಿದಿನ ಎದುರಾಗುವುದು. 13 ದೇಶಗಳ 12,243 ಸಕ್ಕರೆ ಕಾಯಿಲೆಯ ಮುಸ್ಲಿಮರ ಮೇಲೆ ನಡೆದ ಅಧ್ಯಯನದಲ್ಲಿ, ರಂಜಾನ್ ತಿಂಗಳಲ್ಲಿ ಸಕ್ಕರೆ ತೀರಾ ಕುಸಿಯುವ ಅಪಾಯ ಎರಡನೆಯ ಬಗೆಯ ಮಧುಮೇಹದವರಲ್ಲಿ 7.5 ಪಟ್ಟು ಏರಿತ್ತು. ಕಾಯಿಲೆಯವರಿಗೆ ಇಸ್ಲಾಂ ಉಪವಾಸದಿಂದ ವಿನಾಯಿತಿ ಕೊಟ್ಟಿದೆ, ಆದರೂ ಅನೇಕರು ಬಿಡಲು ಒಪ್ಪುವುದಿಲ್ಲ. ಸಕ್ಕರೆ ಕಾಯಿಲೆಯ ನಮ್ಮ ಅಜ್ಜಿಯೂ ಹಾಗೆಯೇ. ಏಕಾದಶಿಯ ದಿನ ನೀರು, ಒಂದು ಲೋಟ ಹಾಲು, ಅಷ್ಟೇ. ‘ಉಪವಾಸ ಮಾಡಬೇಡಿ’ ಎಂದು ಇಬ್ಬರು ವೈದ್ಯರು ಗದರಿದ್ದರು. ಅಜ್ಜಿ ತಲೆಯಾಡಿಸಿ ಬಂದು, ಏಕಾದಶಿಯ ದಿನವೂ ಎಂದಿನಂತೆ ಮಾತ್ರೆ ನುಂಗಿ, ಮಧ್ಯಾಹ್ನ ಬೆವರಿ ಕೈ ನಡುಗಿಸಿಕೊಂಡು ಮಲಗುತ್ತಿದ್ದರು. ಮೂರನೆಯವರು, ತಾಲ್ಲೂಕು ಆಸ್ಪತ್ರೆಯ ಚಿಕ್ಕ ವಯಸ್ಸಿನ ವೈದ್ಯೆ, ‘ಅಮ್ಮ, ತಿಂಗಳಿಗೆ ಎಷ್ಟು ಏಕಾದಶಿ? ಪಾರಣೆ ಎಷ್ಟು ಹೊತ್ತಿಗೆ?’ ಎಂದು ಕೇಳಿದರು. ಅಜ್ಜಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ದ್ವಾದಶಿಯ ಬೆಳಗಿನ ಹೊತ್ತನ್ನು ಗಳಿಗೆ ಸಮೇತ ವಿವರಿಸಿದರು. ವೈದ್ಯೆ ಪಂಚಾಂಗದ ಆ ಎರಡು ದಿನಗಳಿಗೆ ಬೇರೆ ಚೀಟಿ ಬರೆದುಕೊಟ್ಟರು, ಕೈ ನಡುಗಿದರೆ ಆ ಕ್ಷಣವೇ ಬೆಲ್ಲ ಬಾಯಿಗೆ ಹಾಕಿಕೊಳ್ಳುವುದಾಗಿ ಅಜ್ಜಿಯಿಂದ ಮಾತು ತೆಗೆದುಕೊಂಡರು. ಆ ಚೀಟಿ ಈಗ ದೇವರಮನೆಯ ಗೂಡಿನಲ್ಲಿ, ಪಂಚಾಂಗದ ಒಳಗೇ ಇದೆ.