ತೀರ್ಥಕ್ಕೆ ಕೈಯೊಡ್ಡುವವರೆಗೆ

ಪ್ಲಾಸ್ಟರ್ ಬಿಚ್ಚಿದ ದಿನವೇ ಮೂಳೆ ವಿಭಾಗದಿಂದ ಚೀಟಿ ಹಿಡಿದು ನಮ್ಮ ಫಿಸಿಯೋಥೆರಪಿ ಕೊಠಡಿಗೆ ಬಂದ ಆ ತಾಯಿಗೆ 58 ವರ್ಷ. ಬಚ್ಚಲಲ್ಲಿ ಜಾರಿ, ಬೀಳುವಾಗ ಬಲಗೈ ಊರಿ, ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರಿನೊಳಗಿದ್ದ ಕೈ ಸೊರಗಿ, ಚರ್ಮ ಒಣಗಿ ಹೊಟ್ಟೆದ್ದಿತ್ತು. ಬೆರಳುಗಳು ಊದಿಕೊಂಡಿದ್ದವು. ಅಂಗೈಯನ್ನು ಮೇಲೆ ಮಾಡಿ ಎಂದೆ. ಅವರು ಮೈಯನ್ನೇ ಓರೆ ಮಾಡಿದರು, ಮೊಣಕೈಯನ್ನು ಪಕ್ಕೆಯಿಂದ ದೂರ ಸರಿಸಿದರು. ಅಂಗೈ ಮಾತ್ರ ಅರ್ಧದಲ್ಲೇ ನಿಂತಿತು.

‘ಮೂಳೆ ಕೂಡಿದೆ ಎಂದರಲ್ಲ ಮೇಡಂ, ಕೈ ಯಾಕೆ ತಿರುಗುತ್ತಿಲ್ಲ?’

ಹೊರರೋಗಿ ವಿಭಾಗದಲ್ಲಿ ನಾನು ಅತಿ ಹೆಚ್ಚು ಸಲ ಉತ್ತರಿಸಿರುವ ಪ್ರಶ್ನೆ ಇದು. ಮೂಳೆ ಕೂಡಲಿ ಎಂದು ಕೀಲನ್ನು ಅಲುಗಾಡದಂತೆ ಕಟ್ಟುತ್ತೇವೆ. ಅಲುಗಾಡದ ಕೀಲಿನ ಸುತ್ತಲಿನ ಪೊರೆ ಕುಗ್ಗುತ್ತದೆ, ಸ್ನಾಯು ತೆಳುವಾಗುತ್ತದೆ, ಜಾರಬೇಕಾದ ಸ್ನಾಯುರಜ್ಜುಗಳು ಅಂಟಿಕೊಳ್ಳುತ್ತವೆ. ಹಾಗಾಗಿ ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿ ಕಂಡರೂ ಕೈ ಇನ್ನೂ ಕೈಯಾಗಿರುವುದಿಲ್ಲ. ಮಣಿಕಟ್ಟಿನ ಈ ಮುರಿತವನ್ನು 1814ರಲ್ಲಿ ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕೋಲ್ಸ್ ವಿವರಿಸಿದರು. ಎಕ್ಸ್‌ರೇ ಬರಲು ಇನ್ನೂ 81 ವರ್ಷ ಬೇಕಿತ್ತು. ಅವರು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ತಿಳಿದದ್ದು. ನಮ್ಮ ಕೆಲಸದಲ್ಲಿ ಇವತ್ತಿಗೂ ಮುಟ್ಟಿ ನೋಡುವುದೇ ಮುಖ್ಯ.

ಆ ತಾಯಿಗೆ ಮೊದಲು ಮೇಣದ ಶಾಖ ಕೊಟ್ಟೆವು. ಪ್ಯಾರಾಫಿನ್ ಮೇಣಕ್ಕೆ ಖನಿಜ ತೈಲ ಬೆರೆಸಿ ಕರಗಿಸಿದ ತೊಟ್ಟಿ. ಬಿಸಿ ಸುಮಾರು 50ರಿಂದ 55 ಡಿಗ್ರಿ. ಅಷ್ಟೇ ಬಿಸಿಯ ನೀರಾದರೆ ಕೈ ಸುಡುತ್ತದೆ. ಮೇಣ ಶಾಖವನ್ನು ನಿಧಾನವಾಗಿ ಬಿಟ್ಟುಕೊಡುವುದರಿಂದ ಚರ್ಮ ತಡೆದುಕೊಳ್ಳುತ್ತದೆ. ಆದರೆ ಕೈ ಮೇಲೆ ನೀರಿನ ಹನಿ ಇದ್ದರೆ ಅಲ್ಲಿ ಬೊಬ್ಬೆ ಏಳಬಹುದು. ಅದಕ್ಕೇ ಕೈ ತೊಳೆಸಿ, ಬೆರಳ ಸಂದುಗಳನ್ನೂ ಬಿಡದೆ ಒರೆಸುತ್ತೇವೆ. ಉಂಗುರ, ಬಳೆ ತೆಗೆಯಿರಿ ಎಂದಾಗ ಅವರು ಹಿಂಜರಿದರು. ಹಸಿರು ಗಾಜಿನ ಬಳೆ. ಮುತ್ತೈದೆಯ ಕೈ ಬರಿದಾಗಬಾರದು ಎಂಬ ಭಾವ. ಎಡಗೈಗೆ ಒಂದು ಬಳೆ ಹೆಚ್ಚು ಹಾಕಿಕೊಳ್ಳಿ ಅಮ್ಮ ಎಂದೆ. ಸಮಾಧಾನವಾಯಿತು. ಕೈಯನ್ನು ಏಳೆಂಟು ಸಲ ಅದ್ದಿ ತೆಗೆದು, ಬಿಳಿ ಕೈಗವಸಿನಂತೆ ಕೂತ ಮೇಣದ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟವೆಲ್ ಸುತ್ತಿ ಇಪ್ಪತ್ತು ನಿಮಿಷ ಕೂರಿಸಿದೆವು.

ಶಾಖಕ್ಕೆ ಮೊದಲು ಇನ್ನೊಂದು ಕೆಲಸ ಇರುತ್ತದೆ. ಒಂದು ಗಾಜಿನ ನಳಿಕೆಯಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು. ರೋಗಿಯ ಕಣ್ಣು ಮುಚ್ಚಿಸಿ, ಮುಟ್ಟಿಸಿ, ಯಾವುದು ಬಿಸಿ ಎಂದು ಕೇಳುತ್ತೇವೆ. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಅನೇಕರಿಗೆ, ಅದರಲ್ಲೂ ಪಾದದಲ್ಲಿ, ವ್ಯತ್ಯಾಸವೇ ತಿಳಿಯುವುದಿಲ್ಲ. ಅಂಥವರಿಗೆ ಶಾಖ ಕೊಟ್ಟರೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ದಯವಿಟ್ಟು ಸಕ್ಕರೆ ಕಾಯಿಲೆಯನ್ನು ನಮ್ಮಿಂದ ಮುಚ್ಚಿಡಬೇಡಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ಮೂಳೆಗೆ ರಾಡು, ಪ್ಲೇಟು ಹಾಕಿದ್ದರೆ ನಾವು ಕೇಳುವ ಮೊದಲೇ ಹೇಳಿ. ಕೆಲವು ಯಂತ್ರಗಳನ್ನು ನಿಮಗೆ ಬಳಸುವಂತಿಲ್ಲ.

ಈಗ ಯಂತ್ರಗಳ ವಿಚಾರಕ್ಕೇ ಬರುತ್ತೇನೆ. ‘ಕರೆಂಟ್ ಕೊಡಿಸಿಕೊಳ್ಳಲು ಬಂದೆ’ ಎಂದೇ ಹೆಚ್ಚಿನವರು ಹೇಳುತ್ತಾರೆ. ಮಲಗುವುದು, ವೈರು ಅಂಟಿಸಿಕೊಳ್ಳುವುದು, ಜುಮ್ಮೆನ್ನಿಸಿಕೊಂಡು ಎದ್ದು ಹೋಗುವುದು. ವ್ಯಾಯಾಮ ಹೇಳಿಕೊಡಲು ಕರೆದರೆ ಬಸ್ಸಿಗೆ ಹೊತ್ತಾಯಿತು ಎನ್ನುತ್ತಾರೆ. ನನಗೆ ನಿಜವಾಗಿ ನೋವಾಗುವುದು ಆಗಲೇ. ಶಾಖ, ಕರೆಂಟು ನೋವನ್ನು ಸ್ವಲ್ಪ ಹೊತ್ತು ತಗ್ಗಿಸುತ್ತವೆ, ಬಿಗಿತವನ್ನು ಸಡಿಲಿಸುತ್ತವೆ. ಆ ಸ್ವಲ್ಪ ಹೊತ್ತಿನಲ್ಲೇ ಕೀಲನ್ನು ಆಡಿಸಬೇಕು. ಬಿಸಿಯಿರುವಾಗಲೇ ಮುದ್ದೆ ಕಟ್ಟಬೇಕಲ್ಲವೇ, ಹಾಗೆ. ಮೇಣ ಸುಲಿದ ಕೂಡಲೇ ಆ ತಾಯಿಯ ಮೊಣಕೈಯನ್ನು ಪಕ್ಕೆಗೆ ಒತ್ತಿಸಿ, ಅರ್ಧ ನೀರು ತುಂಬಿದ ಬಾಟಲಿಯನ್ನು ಕೈಗೆ ಕೊಟ್ಟು ನಿಧಾನವಾಗಿ ಹೊರಕ್ಕೆ ವಾಲಿಸಲು ಹೇಳಿದೆ. ಬಾಟಲಿಯ ಭಾರವೇ ಅಂಗೈಯನ್ನು ತಿರುಗಿಸುತ್ತದೆ. ಕೋನಮಾಪಕ ಇಟ್ಟು ಅಳೆದೆ: 30 ಡಿಗ್ರಿ. ಸಾಮಾನ್ಯವಾಗಿ 80ರಿಂದ 90 ಇರಬೇಕು. ಅವರಿಗೆ ಡಿಗ್ರಿ ಬೇಕಿರಲಿಲ್ಲ. ‘ದೇವಸ್ಥಾನದಲ್ಲಿ ತೀರ್ಥ ತೆಗೆದುಕೊಳ್ಳಲು ಆಗಬೇಕು, ಮುದ್ದೆ ತೊಳಸಲು ಆಗಬೇಕು’ ಎಂದರು. ಅದನ್ನೇ ಚೀಟಿಯ ಮೇಲೆ ಬರೆದುಕೊಂಡೆ. ಗುರಿ ರೋಗಿಯ ಬಾಯಿಂದ ಬಂದಾಗ ವ್ಯಾಯಾಮ ಮನೆಯಲ್ಲೂ ನಡೆಯುತ್ತದೆ ಎಂಬುದು ನನ್ನ ಅನುಭವ.

ಮನೆಯ ಲೆಕ್ಕ ಹೀಗೆ: ಒಮ್ಮೆಗೇ ಐವತ್ತು ಸಲ ಬೇಡ, ಹತ್ತು ಹತ್ತರಂತೆ ದಿನಕ್ಕೆ ಐದು ಹೊತ್ತು. ನೋವು ಸ್ವಲ್ಪ ಇರುತ್ತದೆ, ಹೆದರಬೇಡಿ. ವ್ಯಾಯಾಮ ಮುಗಿದು ಒಂದೆರಡು ಗಂಟೆಯಲ್ಲಿ ನೋವು ಇಳಿದರೆ ಸರಿ. ಮರುದಿನ ಬೆಳಿಗ್ಗೆಯೂ ನೋವಿದ್ದು ಬಾವು ಹೆಚ್ಚಿದ್ದರೆ ಅತಿಯಾಯಿತು ಎಂದರ್ಥ. ಕಡಿಮೆ ಮಾಡಿ, ಬಂದು ತೋರಿಸಿ. ಮನೆಯವರು ಪ್ರೀತಿಯಿಂದ ಎಣ್ಣೆ ಹಚ್ಚಿ ಬಲವಾಗಿ ನೀವಿ, ಬಗ್ಗಿಸಿ ಬಿಡುವುದುಂಟು. ಮೊಣಕೈ ಪೆಟ್ಟಿನಲ್ಲಂತೂ ಇದು ಅಪಾಯ. ಬಲವಂತದ ತಿಕ್ಕಾಟದಿಂದ ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಶಾಶ್ವತವಾಗಿ ಬಿಗಿದ ಮಕ್ಕಳನ್ನು ನೋಡಿದ್ದೇನೆ.

ಮೂರು ದಿನ ಬಂದು ನಾಲ್ಕನೆಯ ದಿನ ಕಾಣೆಯಾಗುವವರನ್ನು ಸೋಮಾರಿಗಳೆಂದು ಬೈಯುವ ಅಭ್ಯಾಸ ನಮ್ಮ ವೃತ್ತಿಯಲ್ಲಿದೆ. ನಾನೂ ಮೊದಲು ಬೈಯುತ್ತಿದ್ದೆ. ಕೇಳಿ ತಿಳಿದ ಮೇಲೆ ಬಿಟ್ಟೆ. ಹತ್ತು ಗಂಟೆಯ ಸರದಿಗೆ ಆರೂವರೆಯ ಬಸ್ಸು ಹತ್ತಬೇಕು. ಮನೆಗೆ ಮರಳುವಾಗ ಮಧ್ಯಾಹ್ನ ಎರಡು. ಅಂದರೆ ಆ ದಿನದ ಕೂಲಿ ಹೋಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸಿನ ಖರ್ಚು ತಪ್ಪಿದೆ, ಅದು ದೊಡ್ಡ ಉಪಕಾರ. ಆದರೆ ಕೂಲಿಯ ನಷ್ಟವನ್ನು ಯಾವ ಟಿಕೆಟ್ಟೂ ತುಂಬುವುದಿಲ್ಲ. ಹಾಗಾಗಿ ಮೊದಲ ದಿನವೇ ನೇರವಾಗಿ ಹೇಳಿಬಿಡಿ: ವಾರಕ್ಕೆ ಎಷ್ಟು ದಿನ ಬರಬಲ್ಲಿರಿ, ಯಾವ ದಿನ ಸಂತೆ, ಯಾವಾಗ ಕಳೆ ಕೀಳುವ ಕೆಲಸ. ದಿನವೂ ಬರುವೆನೆಂದು ಒಪ್ಪಿಕೊಂಡು ಬಾರದಿರುವುದಕ್ಕಿಂತ, ವಾರಕ್ಕೊಮ್ಮೆ ಎಂದು ಹೇಳಿ ತಪ್ಪದೆ ಬರುವವರಿಗೆ ನಾವು ಹೆಚ್ಚು ಮಾಡಬಲ್ಲೆವು. ಆಗ ಮನೆಯ ವ್ಯಾಯಾಮವನ್ನೇ ಬಲಪಡಿಸುತ್ತೇವೆ, ಇಲ್ಲಿ ಅಳೆದು, ತಪ್ಪು ತಿದ್ದಿ, ಮುಂದಿನ ಹಂತ ಕೊಟ್ಟು ಕಳಿಸುತ್ತೇವೆ. ಮಾಡಲಾಗದಿದ್ದರೆ ‘ಮಾಡಲಿಲ್ಲ’ ಎಂದೇ ಹೇಳಿ. ಮಾಡಿದ್ದೇನೆ ಎಂದರೆ, ವ್ಯಾಯಾಮವೇ ಫಲ ಕೊಡಲಿಲ್ಲ ಎಂದುಕೊಂಡು ನಾವು ತಪ್ಪು ದಾರಿ ಹಿಡಿಯುತ್ತೇವೆ.

ಭುಜ ಬಿಗಿಯುವ ಕಾಯಿಲೆಯಲ್ಲಿ ಇನ್ನೊಂದು ಮೋಸವಿದೆ. ‘ಫ್ರೋಜನ್ ಶೋಲ್ಡರ್’ ಎಂದು ಕೋಡ್ಮನ್ ಎಂಬ ವೈದ್ಯರು 1934ರಲ್ಲಿ ಹೆಸರಿಟ್ಟ ಇದು ಸಕ್ಕರೆ ಕಾಯಿಲೆಯವರನ್ನು ಹೆಚ್ಚಾಗಿ ಕಾಡುತ್ತದೆ. ಮೊದಲು ನಿದ್ದೆಗೆಡಿಸುವ ನೋವು, ಕೆಲವು ತಿಂಗಳ ಮೇಲೆ ನೋವು ಇಳಿದು ಬರೀ ಬಿಗಿತ. ನೋವು ಹೋಯಿತಲ್ಲ ಎಂದು ಬರುವುದನ್ನು ಬಿಡುತ್ತಾರೆ. ಜಡೆ ಹಾಕಲು ಕೈ ಏಳದಿರುವುದು, ಬೆನ್ನ ಹಿಂದೆ ಕೈ ಹೋಗದಿರುವುದು ಅಭ್ಯಾಸವಾಗಿಬಿಡುತ್ತದೆ. ಆದರೆ ಹಿಗ್ಗಿಸುವ ವ್ಯಾಯಾಮವನ್ನು ಹೆಚ್ಚಿಸಬೇಕಾದದ್ದು ಆ ಹೊತ್ತಿನಲ್ಲೇ.

ಲಕ್ವ ಹೊಡೆದವರ ಮನೆಯವರಿಗೆ ಒಂದು ಕೋರಿಕೆ. ಇವತ್ತು ಮಗ, ನಾಳೆ ಸೊಸೆ, ನಾಡಿದ್ದು ಅಳಿಯ ಹೀಗೆ ಬದಲಾಗಿ ಬಂದರೆ ಕಲಿಸಿದ್ದು ಯಾರ ಕೈಯಲ್ಲೂ ಉಳಿಯುವುದಿಲ್ಲ. ಮನೆಯಲ್ಲಿ ಎಬ್ಬಿಸಿ ಕೂರಿಸುವವರು ಯಾರೋ ಅವರೇ ಬನ್ನಿ. ಹಾಗೆಯೇ, ಬಿದ್ದುಹೋದ ಕೈಯನ್ನು ಹಿಡಿದು ಎಳೆದು ಎಬ್ಬಿಸಬೇಡಿ. ಹಿಡಿದಿಡುವ ಸ್ನಾಯುವಿಗೆ ಬಲವಿಲ್ಲದ ಭುಜ ತನ್ನ ಗುಂಡಿಯಿಂದ ಜಾರುತ್ತದೆ. ಆಮೇಲಿನ ನೋವು ನಡಿಗೆ ಕಲಿಯುವುದಕ್ಕೂ ಅಡ್ಡ ಬರುತ್ತದೆ. ಸೊಂಟದ ಬಳಿ ಹಿಡಿದು ಎಬ್ಬಿಸುವುದನ್ನು ತೋರಿಸಿಕೊಡಲು ನಮಗೆ ಐದು ನಿಮಿಷ ಸಾಕು.

ಬರುವಾಗ ಹಳೆಯ ಎಕ್ಸ್‌ರೇ, ಬಿಡುಗಡೆ ಪತ್ರ ತನ್ನಿ. ಮಂಡಿ ನೋವಿನವರು ಮಂಡಿಯ ಮೇಲಕ್ಕೆ ಸರಿಯುವಂಥ ಸಡಿಲ ಬಟ್ಟೆ ತೊಟ್ಟು ಬನ್ನಿ.

ಆ ತಾಯಿ ವಾರಕ್ಕೆರಡು ದಿನ ಎಂದು ಮಾತು ಕೊಟ್ಟಿದ್ದರು, ಹಾಗೇ ಬಂದರು. ನಾಲ್ಕನೆಯ ವಾರ 55 ಡಿಗ್ರಿ, ಒಂಬತ್ತನೆಯ ವಾರ 75. ಆ ದಿನ ಅಳತೆ ಮುಗಿದ ಮೇಲೆ ಅವರೇ ಬಾಟಲಿಯನ್ನು ನನ್ನ ಕೈಗಿತ್ತು, ಬಲ ಅಂಗೈ ಗುಳಿ ಮಾಡಿ ಮುಂದೊಡ್ಡಿದರು. ಒಂದು ಚಮಚದಷ್ಟು ನೀರು ಹಾಕಿದೆ, ಚೆಲ್ಲಲಿಲ್ಲ. ಮುದ್ದೆಯೂ ತೊಳಸುತ್ತಾರಂತೆ, ಇಬ್ಬರ ಪಾಲಿನಷ್ಟು. ಒದ್ದೆ ಕಂಬಳಿ ಹಿಂಡಲು ಮಾತ್ರ ಇನ್ನೂ ಆಗುತ್ತಿಲ್ಲ, ಮುಷ್ಟಿಗೆ ಬಲ ಸಾಲದು. ಚೀಟಿಯ ಹಿಂಬದಿಯಲ್ಲಿ ಟವೆಲ್ ಹಿಂಡುವ ವ್ಯಾಯಾಮ ಬರೆದು, ಹದಿನೈದು ದಿನ ಬಿಟ್ಟು ಬರುವಂತೆ ದಿನಾಂಕ ಹಾಕಿಕೊಟ್ಟೆ.